ಆರು ಅಕ್ಷರ, ಒಂದು ಟೋಪಿ

‘ಇಕೋ-ಆರ್-ಒನ್, ಜಿಎಎಟಿಟಿಸಿ, 6, 2, 0, 1, 5, 0, 0.’

ಸಾವಿರಾರು ಸಾಲುಗಳಿರುವ ಒಂದು ಫೈಲಿನ ಒಂದು ಸಾಲು ಇದು. ನೋಡಲು ಕಿರಾಣಿ ಅಂಗಡಿಯ ಚೀಟಿಯಂತಿದ್ದರೂ, ಡಿಎನ್‌ಎ ಕತ್ತರಿಸುವ ಒಂದು ಎಂಜೈಮಿನ ಜಾತಕವೇ ಇದರಲ್ಲಿದೆ. ಮೊದಲು ಹೆಸರು. ಆಮೇಲೆ ಅದು ಹುಡುಕುವ ಆರಕ್ಷರ. 6 ಅಂದರೆ ಅದರ ಉದ್ದ, 2 ಅಂದರೆ ಎರಡು ಪೆಟ್ಟು: ಮೇಲಿನ ಎಳೆಗೊಂದು, ಕೆಳಗಿನದಕ್ಕೊಂದು. ಪಕ್ಕದ 0, ತುಂಡಿನ ತುದಿ ಮೊಂಡಲ್ಲ ಎನ್ನುತ್ತದೆ. ಮೇಲಿನ ಎಳೆ ಕಡಿಯುವುದು ಒಂದನೇ ಅಕ್ಷರ ದಾಟಿ, ಕೆಳಗಿನದು ಐದನೆಯದನ್ನು ದಾಟಿ. ನಡುವಿನ ನಾಲ್ಕು ಅಕ್ಷರ ಜೋಡಿ ಕಳೆದುಕೊಂಡು ನೇತಾಡುತ್ತವೆ. ಲ್ಯಾಬಿನವರು ‘ಸ್ಟಿಕಿ ಎಂಡ್’ ಅನ್ನುವುದು ಇದಕ್ಕೇ. ಕೊನೆಯ ಎರಡು ಸೊನ್ನೆ ಖಾಲಿ ಖಾನೆಗಳು. ಗುರುತಿನ ಎರಡೂ ಬದಿಗೆ ಕತ್ತರಿಸುವ ಅಪರೂಪದ ಎಂಜೈಮುಗಳಿಗೆ ಮಾತ್ರ ಅವು ಬೇಕು.

ಈ ಕತ್ತರಿಗಳನ್ನು ಮಾಡಿದ್ದು ಬ್ಯಾಕ್ಟೀರಿಯಾ. ಒಳನುಗ್ಗುವ ವೈರಸ್ಸಿನ ಡಿಎನ್‌ಎಯನ್ನು ಅವು ತುಂಡರಿಸುತ್ತವೆ, ತಮ್ಮದಕ್ಕೆ ಮೀಥೈಲ್ ಗುಂಪು ಅಂಟಿಸಿ ಕಾಪಾಡಿಕೊಳ್ಳುತ್ತವೆ. ಜಿನೀವಾದ ವರ್ನರ್ ಆರ್ಬರ್ 1960ರ ದಶಕದಲ್ಲಿ ಈ ಒಳಗುಟ್ಟು ಬಿಡಿಸಿದರು. 1970ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹ್ಯಾಮಿಲ್ಟನ್ ಸ್ಮಿತ್ ಮತ್ತು ಸಂಗಡಿಗರು ನಿಗದಿತ ಅಕ್ಷರಗಳಲ್ಲೇ ಕತ್ತರಿಸುವ ಹಿಂಡ್-ಟೂ ಎಂಜೈಮನ್ನು ವರದಿ ಮಾಡಿದರು. ಮರುವರ್ಷವೇ ಅಲ್ಲಿನ ಕ್ಯಾಥ್ಲೀನ್ ಡಾನಾ, ಡೇನಿಯಲ್ ನೇಥನ್ಸ್ ಅದರಿಂದ ಎಸ್‌ವಿ-40 ವೈರಸ್ಸಿನ ಡಿಎನ್‌ಎಯನ್ನು 11 ತುಂಡು ಮಾಡಿ ತೋರಿಸಿದರು. ಆರ್ಬರ್, ನೇಥನ್ಸ್, ಸ್ಮಿತ್ ಮೂವರಿಗೂ 1978ರಲ್ಲಿ ನೊಬೆಲ್ ಬಂತು.

ಇಂಥ ಕತ್ತರಿಗಳ ಪಟ್ಟಿಯ ಕಥೆ ಶುರುವಾಗುವುದು ನೇಥನ್ಸ್ 1972ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಉಪನ್ಯಾಸದಿಂದ. ಕೇಳುತ್ತಾ ಕೂತಿದ್ದವರಲ್ಲಿ ರಿಚರ್ಡ್ ರಾಬರ್ಟ್ಸ್ ಎಂಬ ಇಂಗ್ಲಿಷ್ ಯುವಕನೂ ಇದ್ದ. ಅದೇ ವರ್ಷ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ ಸೇರಿದವನು ಕಂಡ ಕಂಡ ಬ್ಯಾಕ್ಟೀರಿಯಾದಲ್ಲಿ ಕತ್ತರಿ ಹುಡುಕತೊಡಗಿದ. ಸಿಕ್ಕಿದ್ದು ಒಂದೆರಡಲ್ಲ. ಊರೂರಿನ ವಿಜ್ಞಾನಿಗಳು ತಮ್ಮ ಡಿಎನ್‌ಎ ಹೊತ್ತು ಅವನ ಬಾಗಿಲಿಗೆ ಬರುವಂತಾಯಿತು. ಯಾವ ಕತ್ತರಿ ಎಲ್ಲಿ ಕಡಿಯುತ್ತದೆ ಎಂಬ ಪಟ್ಟಿ ಇಡದೆ ಬೇರೆ ದಾರಿಯಿರಲಿಲ್ಲ. ಆ ಪಟ್ಟಿ ಮೊದಲು ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಯಿತು, ಆಮೇಲೆ ಕಂಪ್ಯೂಟರ್ ಹತ್ತಿತು, ‘ರೀಬೇಸ್’ ಎಂಬ ಹೆಸರು ಪಡೆಯಿತು. 1992ರಲ್ಲಿ ರಾಬರ್ಟ್ಸ್ ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್ ಕಂಪನಿಗೆ ಹೋದಾಗ ಪಟ್ಟಿಯೂ ಜೊತೆಗೆ ಹೋಯಿತು. ಮರುವರ್ಷ ಅವರಿಗೂ ನೊಬೆಲ್ ಬಂತು, ಆದರೆ ಬೇರೆ ಕೆಲಸಕ್ಕೆ: ವಂಶವಾಹಿ ತುಂಡುತುಂಡಾಗಿ ಹಂಚಿಹೋಗಿರುತ್ತದೆ ಎಂದು ಕಂಡುಹಿಡಿದದ್ದಕ್ಕೆ. ಪಟ್ಟಿ ಬರೆದಿಟ್ಟವರಿಗೆ ಯಾರು ಬಹುಮಾನ ಕೊಡುತ್ತಾರೆ!

ಪಟ್ಟಿ ಹುಟ್ಟಿದ್ದು ಮನುಷ್ಯರ ಕಣ್ಣಿಗಾಗಿ. ಪ್ರೋಗ್ರಾಂ ಬರೆಯುವವರ ಗೋಳು ಶುರುವಾಗುವುದೂ ಅಲ್ಲಿಂದಲೇ. ಅಚ್ಚಿನಲ್ಲಿ ಕತ್ತರಿಸುವ ಜಾಗಕ್ಕೆ ಪುಟ್ಟ ಬಾಣ ಹಾಕುತ್ತಿದ್ದರು. ಫೈಲಿಗೆ ಬಂದಾಗ ಆ ಬಾಣ, ಕೀಬೋರ್ಡಿನ ಆರರ ಮೇಲೆ ಕೂತಿರುವ ಟೋಪಿಯಾಯಿತು: ಜಿ^ಎಎಟಿಟಿಸಿ. ಒಂದೇ ಟೋಪಿ ಸಾಕು, ಯಾಕೆಂದರೆ ಈ ಆರಕ್ಷರ ಒಂದು ಬಗೆಯ ‘ವಿಕಟಕವಿ’. ಎದುರು ಎಳೆಯನ್ನು ಹಿಂದಿನಿಂದ ಓದಿದರೂ ಅದೇ ಜಿಎಎಟಿಟಿಸಿ. ಹಾಗಾಗಿ ಆರರಲ್ಲಿ ಒಂದು ಕಳೆದರೆ ಕೆಳಗಿನ ಎಳೆಯ ಐದು ತಾನಾಗಿ ಸಿಗುತ್ತದೆ. ಆದರೆ ಫೋಕ್-ಒನ್ ವಿಕಟಕವಿಯಲ್ಲ. ಅದು ಜಿಜಿಎಟಿಜಿ ಎಂಬ ಐದಕ್ಷರ ಹಿಡಿದು, ಅಲ್ಲಿಂದಾಚೆ ಮೇಲೆ 9, ಕೆಳಗೆ 13 ಅಕ್ಷರ ಹೋಗಿ ಕಡಿಯುತ್ತದೆ. ಟೋಪಿ ಇಡಲು ಜಾಗವೇ ಇಲ್ಲ! ಪಟ್ಟಿಯವರು ಕಂಸ ಹಾಕಿ ‘9/13’ ಎಂದು ಬರೆದರು. ಕಣ್ಣಿಗೆ ಕಷ್ಟವೇನಿಲ್ಲ. ಪ್ರೋಗ್ರಾಮಿಗೆ ಮಾತ್ರ ಅದು ಬೇರೆಯೇ ವ್ಯಾಕರಣ. ಐದು ಕೂಡಿಸಿ 14, 18 ಎಂದು ಬರೆದುಕೊಳ್ಳಲು ಅದಕ್ಕೆ ಕಲಿಸಬೇಕು.

ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೂಪ ಬೇಕಾಗಿದ್ದರಿಂದ ಒಂದೇ ಪಟ್ಟಿ ಹತ್ತಾರು ವೇಷ ಹಾಕಿತು. ಸ್ವಿಸ್-ಪ್ರಾಟ್ ಎಂಬ ಪ್ರೋಟೀನ್ ಮಾಹಿತಿಕೋಶದ ಅಮೋಸ್ ಬೈರೋಕ್ ಹೆಸರಿನದು ಸಾಲಿಗೆರಡು ಅಕ್ಷರದ ಮುದ್ರೆ ಹಾಕುತ್ತದೆ. ‘ವಿತ್‌ರೆಫ್‌ಎಂ’ ಎಂಬುದು ಒಂದರಿಂದ ಎಂಟರವರೆಗೆ ಅಂಕಿ ಹಾಕಿ ಹೆಸರು, ಗುರುತು, ಬ್ಯಾಕ್ಟೀರಿಯಾ, ಮಾರುವವರು, ಕೊನೆಗೆ ಸಂಶೋಧನಾ ಪ್ರಬಂಧಗಳನ್ನೂ ಹೇಳುತ್ತದೆ. ನಾವು ಮೊದಲು ನೋಡಿದ ಬೋಳು ಸಾಲು ಎಂಬಾಸ್ ತಂತ್ರಾಂಶದ್ದು. ಪರ್ಲ್ ಭಾಷೆಯ ತಂತ್ರಾಂಶ ಬಯೋಪರ್ಲ್ ಈ ಗೊಂದಲಕ್ಕೆಂದೇ ಒಂದು ಬಾಗಿಲು ಕಟ್ಟಿತು: ರೂಪದ ಹೆಸರು ಹೇಳಿದರೆ ತಕ್ಕ ಓದುಗನನ್ನು ಅದೇ ಕರೆಯುತ್ತದೆ. ಪೈಥಾನ್ ಭಾಷೆಯ ಬಯೋಪೈಥಾನ್ ಮುಂಚೆಯೇ ಎಲ್ಲವನ್ನೂ ಪೈಥಾನ್ ನಿಘಂಟಾಗಿ ಅಣಿಮಾಡಿಟ್ಟುಕೊಳ್ಳುತ್ತದೆ. ಓದುವುದಕ್ಕಿಂತ ಬರೆಯುವುದು ಕಷ್ಟ ಎಂದು ನನ್ನ ಅನಿಸಿಕೆ. ದಪ್ಪ ಫೈಲನ್ನು ತೆಳುವಾಗಿ ಬರೆದರೆ ಪ್ರಬಂಧಗಳೆಲ್ಲ ಉದುರಿಹೋಗುತ್ತವೆ. ತೆಳುವಿನಿಂದ ದಪ್ಪ ಮಾಡುವುದಂತೂ ಆಗದ ಮಾತು.

ಮಾರುವವರ ಖಾನೆಯಲ್ಲಿ ಕಂಪನಿಗೊಂದೇ ಅಕ್ಷರ. ಎನ್ ಅಂದರೆ ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್, ಕೆ ಅಂದರೆ ಜಪಾನಿನ ತಕಾರ. 2000ರ ದಶಕದ ಫೈಲುಗಳಲ್ಲಿ ‘ಯು’ ಕಂಡರೆ ಅದು ನಮ್ಮ ಬೆಂಗಳೂರು ಜೀನೈ.

ಫೈಲಿನ ಹೆಸರಿನ ಬಾಲದಲ್ಲೂ ಜಿಪುಣತನ. ‘404’ ಎಂದರೆ ನಾಲ್ಕನೇ ವರ್ಷದ ಏಪ್ರಿಲ್. ವರ್ಷಕ್ಕೆ ಕೊನೆಯ ಅಂಕಿ ಮಾತ್ರ. ಅದು 2004ರದೋ 2014ರದೋ ಎಂಬುದು ಬಾಲ ನೋಡಿದರೆ ತಿಳಿಯುವುದಿಲ್ಲ.

ಇನ್ನು ಸೊನ್ನೆ. ಬಯಾಲಜಿಯವರು ಒಂದರಿಂದ ಎಣಿಸುತ್ತಾರೆ, ಪರ್ಲ್ ಮತ್ತು ಪೈಥಾನ್ ಸೊನ್ನೆಯಿಂದ. ಎಂಬಾಸ್ ಫೈಲಿನಲ್ಲಿ ಸೊನ್ನೆ ಎಂಬ ಜಾಗವೇ ಇಲ್ಲ: ಗುರುತಿನ ಮೊದಲ ಅಕ್ಷರ 1, ಅದರ ಹಿಂದಿನದು -1. ಸೊನ್ನೆ ಅಲ್ಲಿ ಆಗಲೇ ‘ಕಡಿತವಿಲ್ಲ’ ಎಂಬ ಅರ್ಥಕ್ಕೆ ಖರ್ಚಾಗಿದೆ. ಜಿಎಟಿಸಿಯನ್ನು ಜಿಗಿಂತ ಮುಂಚೆಯೇ ಕಡಿಯುವ ಎಂಬೊ-ಒನ್ ಎಂಜೈಮಿನ ಸಾಲಿನಲ್ಲಿ 0, 4 ಇರುವುದಿಲ್ಲ, -1, 4 ಇರುತ್ತದೆ. ಎಂಟಕ್ಷರ ಹಿಂದೆ ಕಡಿಯುವುದಿದ್ದರೆ -9. ಓದುವ ಪ್ರೋಗ್ರಾಂ ಮೈನಸ್ ಕಂಡಲ್ಲೆಲ್ಲ ಒಂದು ಕೂಡಿಸಿಕೊಳ್ಳಬೇಕು. ಫೈಲಿಗೆ ವಾಪಸ್ ಬರೆಯುವಾಗ ಮರೆಯದೆ ಆ ಒಂದನ್ನು ಕಳೆಯಬೇಕು.