ನಿಮಗಿದು ಗೊತ್ತೆ? ಗಿಡದ ತುದಿಯಲ್ಲಿ ಹಾರುವ ಬಾತುಕೋಳಿ!

ಬಾಗಿದ ಕುತ್ತಿಗೆ, ಮುಂದೆ ಚಾಚಿದ ಕೊಕ್ಕು, ಬದಿಯಲ್ಲಿ ರೆಕ್ಕೆ. ಆಸ್ಟ್ರೇಲಿಯಾದ ಫ್ಲೈಯಿಂಗ್ ಡಕ್ ಆರ್ಕಿಡ್ ಹೂ ಥೇಟ್ ಹಾರುವ ಬಾತುಕೋಳಿ! ಬಣ್ಣ ಕಂದುಗೆಂಪು, ಉದ್ದ ಸುಮಾರು ಎರಡು ಸೆಂ.ಮೀ. ಬಾತಿನ ತಲೆಯಂತೆ ಕಾಣುವುದು ಇದರ ಒಂದು ಎಸಳು. ಗಂಡು ಸಾಫ್ಲೈ ಕೀಟ ಹೆಣ್ಣೆಂದು ಭ್ರಮಿಸಿ ಅದರ ಮೇಲೆ ಕೂತರೆ ಸಾಕು, ಎಸಳು ಪಟ್ಟೆಂದು ಮಡಚಿಕೊಳ್ಳುತ್ತದೆ. ಸಿಕ್ಕಿಬಿದ್ದ ಕೀಟ ಒದ್ದಾಡುವಾಗ ಪರಾಗ ಮೈಗೆ ಅಂಟುತ್ತದೆ. ಬಿಡಿಸಿಕೊಂಡು ಹೋಗಿ ಇನ್ನೊಂದು ಹೂವಿನಲ್ಲೂ ಮೋಸಹೋದರೆ ಪರಾಗಸ್ಪರ್ಶ ಆದಂತೆಯೇ. ಇಷ್ಟು ದುಡಿದ ಕೀಟಕ್ಕೆ ಹನಿ ಮಕರಂದವೂ ಸಿಗುವುದಿಲ್ಲ, ಪಾಪ! ಈಕ್ವೆಡಾರ್‌ನ ಮೋಡ ಮುಸುಕಿದ ಕಾಡುಗಳಲ್ಲಿ ಕೋತಿಮುಖದ ಆರ್ಕಿಡ್ ಕೂಡ ಇದೆ. ಆದರೆ ಈ ಬಾತುಕೋಳಿಯ ಚೆಲುವೇ ಬೇರೆ. 1986ರಲ್ಲಿ ಆಸ್ಟ್ರೇಲಿಯಾ ಇದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತು.