ಊರಿಗೆ ಡಿಸ್ಕ್ ಪ್ಲೇಯರ್ ಒಯ್ಯುವ ಮುನ್ನ ಇದನ್ನು ನೋಡಿಕೊಳ್ಳಿ

ರಜೆಗೆ ಊರಿಗೆ ಹೊರಟವರು ದುಬೈಯಲ್ಲೋ ಶಾರ್ಜಾದಲ್ಲೋ ಆಫರ್ ನೋಡಿ ಬ್ಲೂ-ರೇ ಪ್ಲೇಯರ್ ಖರೀದಿಸುವುದುಂಟು. ಮನೆಯಲ್ಲಿ ಅಪ್ಪ ಜೋಪಾನವಾಗಿಟ್ಟ ಸಿನಿಮಾ ಡಿವಿಡಿ ಹಾಕಿದರೆ ಅದು ಓಡೋದೇ ಇಲ್ಲ! ಪ್ಲೇಯರ್ ಕೆಟ್ಟಿರುವುದಿಲ್ಲ, ರೀಜನ್ ಕೋಡ್ ಹೊಂದಿರುವುದಿಲ್ಲ ಅಷ್ಟೆ.

ಡಿವಿಡಿ ಲೆಕ್ಕದಲ್ಲಿ ಯುಎಇ, ಸೌದಿ 2ನೇ ವಲಯ. ಭಾರತ 5ನೇ ವಲಯ. ಬ್ಲೂ-ರೇಗೆ ಇಲ್ಲಿ ‘ಬಿ’, ಊರಲ್ಲಿ ‘ಸಿ’. ‘ಆಲ್ ರೀಜನ್’ ಎಂದಿರುವ ಡಿಸ್ಕ್ ಎಲ್ಲಿಯೂ ಓಡುತ್ತದೆ. ಆಡಿಯೋ ಸಿಡಿಗೂ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೂ ಈ ತಂಟೆ ಇಲ್ಲ. ಆದರೆ 4ಕೆ ಪ್ಲೇಯರ್‌ನಲ್ಲಿ ಹಳೇ ಡಿವಿಡಿ ಹಾಕಿದರೆ ಮತ್ತೆ ಅದೇ ಕಥೆ.

ಇನ್ನು ಸೌಂಡ್. ಬ್ಲೂ-ರೇಯಲ್ಲಿರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಪೂರ್ತಿಯಾಗಿ ಬರಬೇಕಾದರೆ ಎಚ್‌ಡಿಎಂಐ ಕೇಬಲ್ ಬೇಕು. ಆಪ್ಟಿಕಲ್ ಕೇಬಲ್‌ಗೆ ಅಷ್ಟು ಸಾಮರ್ಥ್ಯವಿಲ್ಲ. ಅದನ್ನು ನುಡಿಸುವ ರಿಸೀವರ್, ಸ್ಪೀಕರ್ ಕೂಡ ಬೇಕು. ಬರೀ ಟಿವಿ ಸ್ಪೀಕರಲ್ಲೇ ಕೇಳುವುದಾದರೆ ದುಬಾರಿ ಪ್ಲೇಯರ್‌ಗೆ ಸುರಿದ ದಿರ್ಹಮ್ ದಂಡ. ಸಂಗೀತಕ್ಕಾಗಿ ಸೂಪರ್ ಆಡಿಯೋ ಸಿಡಿ ಇಟ್ಟುಕೊಂಡವರು ಪ್ಲೇಯರ್ ಮೇಲೆ ಎಸ್‌ಎಸಿಡಿ ಗುರುತು ಇದೆಯೇ ನೋಡಬೇಕು. ಎಲ್ಲ ಪ್ಲೇಯರ್ ಅದನ್ನು ಓದೋದಿಲ್ಲ.

ಬಿಲ್ ಮಾಡಿಸುವ ಮುನ್ನ ಮೂರು ಕೆಲಸ: ಊರಿನ ಒಂದು ಡಿಸ್ಕ್ ಅಂಗಡಿಯಲ್ಲೇ ಹಾಕಿ ನೋಡಿ. ಹಿಂಭಾಗದಲ್ಲಿ ‘100–240 ವೋಲ್ಟ್, 50/60 ಹರ್ಟ್ಜ್’ ಅಂತಿದೆಯೇ ಓದಿ. ವಾರಂಟಿ ಭಾರತದಲ್ಲೂ ನಡೆಯುತ್ತಾ ಅಂತ ಬರವಣಿಗೆಯಲ್ಲೇ ಕೇಳಿ. ಇಲ್ಲದಿದ್ದರೆ ಊರಿನಲ್ಲೇ ಕೊಳ್ಳುವುದು ಅಗ್ಗ.