ನೆಟ್ಟ ಹಲ್ಲು ಮತ್ತು ಬಾಳಿನ ಸುಖ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನಮ್ಮ ಜನರು ದೈವದ ವೈಪರೀತ್ಯವನ್ನು ಸೂಚಿಸಲು ಆಡುತ್ತ ಬಂದಿದ್ದಾರೆ. ಮುಪ್ಪಿನಲ್ಲಿ ಹಲ್ಲು ಹೋಗುವುದು ಸೃಷ್ಟಿನಿಯಮ, ಅದಕ್ಕಾಗಿ ಮರುಗಿ ಫಲವಿಲ್ಲ ಎಂಬ ಭಾವನೆಯೂ ಆ ಗಾದೆಯೊಳಗೆ ಅಡಗಿದೆ. ಆದರೆ ಹಲ್ಲು ಬೀಳುವುದು ಮುಪ್ಪಿನ ಧರ್ಮವಲ್ಲ. ಅದು ಹುಳುಕು, ವಸಡಿನ ರೋಗ, ತಂಬಾಕು ಮತ್ತು ಅಲಕ್ಷ್ಯಗಳ ಫಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯಂತೆ, ಲೋಕದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ ಸುಮಾರು 23 ಮಂದಿ ಬಾಯಲ್ಲಿ ಒಂದು ಹಲ್ಲೂ ಇಲ್ಲದವರು. ಇಂಥವರಿಗೆ ಇಂದಿನ ವೈದ್ಯಶಾಸ್ತ್ರವು ಏನನ್ನು ಕೊಡಬಲ್ಲದು, ಅದರಲ್ಲಿ ಎಷ್ಟು ನಮ್ಮ ಜನಸಾಮಾನ್ಯರ ಪಾಲಿಗೆ ಬರುತ್ತಿದೆ ಎಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಹಲ್ಲು ಕಳೆದುಕೊಂಡವನ ನಷ್ಟವು ಊಟವೊಂದರದೇ ಅಲ್ಲ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ನುಂಗುವುದು, ಸಂಕ್ರಾಂತಿಯ ಕಬ್ಬನ್ನು ಮೊಮ್ಮಕ್ಕಳ ಕೈಗೆ ಕೊಟ್ಟು ಸುಮ್ಮನಿರುವುದು ಅವನಿಗೆ ನಿತ್ಯದ ಪಾಡು. ನಮ್ಮ ವೈಯಾಕರಣರು ತವರ್ಗವನ್ನೂ ಲಕಾರ ಸಕಾರಗಳನ್ನೂ ದಂತ್ಯಗಳೆಂದು ಕರೆದದ್ದು ಅರ್ಥವಿಲ್ಲದೆ ಅಲ್ಲ. ಹಲ್ಲು ಹೋದೊಡನೆ ಮಾತೂ ಸಡಿಲವಾಗುವುದು. ಮಾತು ಸಡಿಲವಾದವನು ನಾಲ್ಕು ಜನರ ನಡುವೆ ಬಾಯಿ ತೆರೆಯಲು ಹಿಂಜರಿಯುತ್ತಾನೆ; ಮದುವೆಯ ಪಂಕ್ತಿಯಲ್ಲಿ ಕೂಡಲು ಸಂಕೋಚಪಡುತ್ತಾನೆ. ಹೀಗೆ ಬಾಯಿಯ ರೋಗವು ಮೆಲ್ಲಮೆಲ್ಲನೆ ಮನಸ್ಸಿನ ರೋಗವಾಗುವುದು.

ಇದಕ್ಕೆ ಬಹುಕಾಲದಿಂದ ಇರುವ ಪರಿಹಾರವೆಂದರೆ ತೆಗೆದು ಹಾಕುವ ಹಲ್ಲಿನ ಸೆಟ್ಟು. ಅದರ ಉಪಕಾರವನ್ನು ನಾವು ಕಡೆಗಣಿಸುವವರಲ್ಲ. ಆದರೆ ಅದು ವಸಡಿನ ಮೇಲೆ ಕುಳಿತಿರುವ ವಸ್ತುವೇ ಹೊರತು ಎಲುಬಿನಲ್ಲಿ ಬೇರೂರಿದುದಲ್ಲ. ಸ್ವಂತ ಹಲ್ಲಿನ ಕಚ್ಚುವ ಬಲದಲ್ಲಿ ಕಾಲುಭಾಗದಷ್ಟೂ ಅನೇಕರಿಗೆ ಅದರಿಂದ ದೊರೆಯದು. ಮೇಲಿನ ಸೆಟ್ಟು ಅಂಗುಳಿಗೆ ಅಂಟಿಕೊಂಡು ನಿಂತೀತು. ಕೆಳಗಿನದು ನಾಲಗೆ ಅಲುಗಿದಂತೆಲ್ಲ ಅಲುಗುವುದು. ಹಲ್ಲಿಲ್ಲದ ದವಡೆಯ ಎಲುಬಾದರೋ ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುವುದು. ಆದುದರಿಂದ ಇಂದು ಸರಿಯಾಗಿ ಕುಳಿತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗಿ, ಕೊನೆಗೆ ಗೂಡಿನಲ್ಲಿಟ್ಟ ಡಬ್ಬಿಯನ್ನು ಸೇರುವುದುಂಟು.

ಈ ಕೊರತೆಯನ್ನು ನೀಗಿಸುವ ದಾರಿಯನ್ನು ತೋರಿದವನು ಸ್ವೀಡನ್ ದೇಶದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್. 1952ರಲ್ಲಿ ಮೊಲದ ಎಲುಬು ಮಾಯುವ ಬಗೆಯನ್ನು ಪರೀಕ್ಷಿಸುತ್ತಿದ್ದ ಆತನು, ಒಳಗಿಟ್ಟಿದ್ದ ಟೈಟೇನಿಯಂ ಲೋಹದ ಉಪಕರಣವನ್ನು ಮರಳಿ ತೆಗೆಯಲು ಹೋದಾಗ ಅದು ಎಲುಬಿನೊಡನೆ ಒಂದಾಗಿಬಿಟ್ಟಿತ್ತು. ತೆಗೆಯಲಾಗದ ಲೋಹವನ್ನು ಕಂಡು ಬೇಸರಗೊಳ್ಳದೆ, ಆ ಐಕ್ಯದಲ್ಲಿಯೇ ಆತನು ಹೊಸದೊಂದು ಚಿಕಿತ್ಸೆಯ ಬೀಜವನ್ನು ಕಂಡನು. 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಟೈಟೇನಿಯಂ ತಿರುಪುಗಳನ್ನು ನೆಡಲಾಯಿತು. ಆ ರೋಗಿಯು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಅವುಗಳಿಂದಲೇ ಉಂಡು, 2006ರಲ್ಲಿ ತೀರಿಕೊಂಡನು. ಆದರೂ ಹೊರದೇಶದ ದಂತವೈದ್ಯರು ಇದನ್ನು ಬಹುಕಾಲ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ನಡೆದ ಸಮ್ಮೇಳನದ ತರುವಾಯವೇ ಉತ್ತರ ಅಮೆರಿಕೆಯಲ್ಲಿ ಅದಕ್ಕೆ ಮನ್ನಣೆ ದೊರೆಯಿತು.

ಇಂಥ ಚಿಕಿತ್ಸೆಯಿಂದ ರೋಗಿಯ ಬಾಳು ಎಷ್ಟು ಸುಧಾರಿಸಿತೆಂಬುದನ್ನು ಅಳೆಯುವುದು ಹೇಗೆ? ವೈದ್ಯನು ಎಲುಬಿನ ಚಿತ್ರವನ್ನು ನೋಡಿ ತೃಪ್ತನಾದರೆ ಸಾಲದು. ಹಲ್ಲನ್ನು ಹಾಕಿಸಿಕೊಂಡವನ ಮಾತನ್ನು ಕೇಳಬೇಕು. ಆಸ್ಟ್ರೇಲಿಯದ ಸ್ಲೇಡ್ ಮತ್ತು ಸ್ಪೆನ್ಸರ್ ಎಂಬ ವಿದ್ವಾಂಸರು 1994ರಲ್ಲಿ 49 ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. 1997ರಲ್ಲಿ ಅದನ್ನು 14 ಪ್ರಶ್ನೆಗಳಿಗೆ ಇಳಿಸಲಾಯಿತು. ನೋವಿದೆಯೇ, ಉಚ್ಚಾರಕ್ಕೆ ತೊಡಕಿದೆಯೇ, ಊಟವನ್ನು ಅರ್ಧಕ್ಕೇ ಬಿಡಬೇಕಾಯಿತೇ, ನಾಚಿಕೆಯಾಯಿತೇ, ನಿತ್ಯದ ಕೆಲಸಕ್ಕೆ ಅಡ್ಡಿಯಾಯಿತೇ ಎಂಬ ಬಗೆಯ ಪ್ರಶ್ನೆಗಳು ಅದರಲ್ಲಿವೆ. ಇಂಥ ಅಳತೆಗೋಲಿನಿಂದ ನೋಡಿದಾಗ, ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟುಗಳನ್ನು ನೆಟ್ಟು ಅವುಗಳಿಗೆ ಸೆಟ್ಟನ್ನು ಸಿಕ್ಕಿಸಿದರೂ ಸಾಕು, ಬರಿಯ ಸೆಟ್ಟಿನವರಿಗಿಂತ ರೋಗಿಗಳು ಹೆಚ್ಚು ತೃಪ್ತರಾಗಿರುವುದು ಕಂಡುಬಂದಿತು. ಆದುದರಿಂದಲೇ 2002ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಈ ಎರಡು ಇಂಪ್ಲಾಂಟಿನ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು ಸಾರಿದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿಯೂ ಇಂಥದೇ ಅಭಿಪ್ರಾಯವು ವ್ಯಕ್ತವಾಯಿತು.

ಆದರೆ ಗುಣಗಾನದ ಭರದಲ್ಲಿ ಸತ್ಯವನ್ನು ಮರೆಯಕೂಡದು. ನೆಟ್ಟ ಹಲ್ಲು ಹುಟ್ಟಿದ ಹಲ್ಲಲ್ಲ. ಸ್ವಂತ ಹಲ್ಲನ್ನು ಎಲುಬಿಗೆ ಕಟ್ಟಿರುವ ಮೃದುವಾದ ತಂತುಗಳು ಇದಕ್ಕಿಲ್ಲ. ಇದಕ್ಕೆ ಹುಳುಕು ತಗಲದು, ಆದರೆ ಸುತ್ತಣ ವಸಡಿಗೂ ಎಲುಬಿಗೂ ರೋಗ ತಗಲುವುದು. ಹತ್ತು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟುಗಳು ನಿಲ್ಲುವವೆಂಬುದು ನಿಜ. ಆದರೆ ಧೂಮಪಾನಿಗಳಲ್ಲಿ, ಮಧುಮೇಹವನ್ನು ಹತೋಟಿಯಲ್ಲಿಡದವರಲ್ಲಿ, ಬಾಯಿಯನ್ನು ಶುಚಿಯಾಗಿಡದವರಲ್ಲಿ ಸೋಲಿನ ಭಯವು ಹೆಚ್ಚು. ಹಳೆಯ ಸೆಟ್ಟಿನಲ್ಲಿಯೇ ಸುಖವಾಗಿರುವವರಿಗೆ ಇದರಿಂದಾಗುವ ಲಾಭವೂ ಅಲ್ಪವೇ. ಅಗಿಯುವ ಶಕ್ತಿ ಬಂದಮಾತ್ರಕ್ಕೆ ತಟ್ಟೆಯಲ್ಲಿನ ಆಹಾರವು ತಾನಾಗಿ ಉತ್ತಮವಾಗದು. ಹಲ್ಲಿನ ಜತೆಗೆ ಆಹಾರದ ತಿಳಿವಳಿಕೆಯೂ ಬೇಕು. ಇವನ್ನೆಲ್ಲ ರೋಗಿಗೆ ಮೊದಲೇ ತಿಳಿಸದೆ, ಒಂದೇ ದಿನದಲ್ಲಿ ಹೊಸ ಬಾಯಿ ಕೊಡುವೆವೆಂದು ಫಲಕ ಹಚ್ಚುವುದು ವೈದ್ಯಧರ್ಮಕ್ಕೆ ತಕ್ಕುದಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಖಾಸಗಿ ಚಿಕಿತ್ಸಾಲಯಗಳಲ್ಲಿ ಒಂದೊಂದು ಹಲ್ಲಿಗೂ ಹತ್ತಾರು ಸಾವಿರ ರೂಪಾಯಿ ಬೇಕಾಗುವುದು. ಆರೋಗ್ಯ ವಿಮೆಯವರು ಅಪಘಾತದ ಹೊರತು ಹಲ್ಲಿನ ವೆಚ್ಚವನ್ನು ಸಾಮಾನ್ಯವಾಗಿ ಹೊರುವುದಿಲ್ಲ. ಹೀಗಾಗಿ ಯಾವ ಕೂಲಿಕಾರನ, ಯಾವ ಒಕ್ಕಲಿನ ಮುದುಕಿಯ ಹಲ್ಲು ಬೇಗನೆ ಹೋಗುವುದೋ ಅವರಿಗೇ ಈ ಚಿಕಿತ್ಸೆ ದೂರವಾಗಿದೆ. ಕರ್ನಾಟಕ ಸರಕಾರವು 2014ರಲ್ಲಿ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟನ್ನು ಒದಗಿಸುವ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಅದು ಸ್ತುತ್ಯವಾದ ಕಾರ್ಯ. ಅದೇ ವರ್ಷ ದಕ್ಷಿಣ ಕೊರಿಯವು ಕೆಲವು ಹಲ್ಲುಗಳುಳಿದಿರುವ ವೃದ್ಧರಿಗೆ ತಲಾ ಎರಡು ಇಂಪ್ಲಾಂಟುಗಳನ್ನು ರಾಷ್ಟ್ರೀಯ ವಿಮೆಯಲ್ಲಿ ಸೇರಿಸಿತು. ಮೊದಲು 75 ವರ್ಷದವರಿಗಿದ್ದ ಆ ಸೌಲಭ್ಯವು 2016ರ ವೇಳೆಗೆ 65 ವರ್ಷದವರಿಗೂ ದೊರೆಯಿತು. ಅವರು ಹಂತಹಂತವಾಗಿ ಮಾಡಿದುದನ್ನು ನಾವು ಮಾಡಲಾರೆವೇ?

ಸಾಧನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದ ದಂತ ಕಾಲೇಜು ಹುಟ್ಟಿದಂದಿನಿಂದ ಬೆಳೆದು, ಇಂದು ದಂತ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕವು ದೇಶದ ಮುಂಚೂಣಿಯಲ್ಲಿದೆ. ಕೇರಳದ ಚವರದಲ್ಲಿ 2011ರಿಂದ ಟೈಟೇನಿಯಂ ಸ್ಪಾಂಜು ತಯಾರಿಸುವ ಸ್ವದೇಶಿ ಕಾರ್ಖಾನೆಯಿದೆ. ಆಕಾಶಯಾನಕ್ಕೆ ಬೇಕಾದ ಲೋಹವನ್ನು ತಾನೇ ತೆಗೆಯಬಲ್ಲ ದೇಶವು, ತನ್ನ ವೃದ್ಧರ ದವಡೆಗೆ ಬೇಕಾದ ಅಂಗುಲಕ್ಕಿಂತ ಚಿಕ್ಕ ತಿರುಪಿಗೆ ಪರದೇಶದ ಮುಖ ನೋಡುತ್ತಿರುವುದು ಶೋಭಿಸದು. ಸ್ವದೇಶಿ ತಯಾರಿಕೆಗೆ ಪ್ರೋತ್ಸಾಹವಿತ್ತು, ಅದರ ಗುಣವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಕಾಲೇಜುಗಳ ಮೂಲಕ ಕೆಳದವಡೆಗೆ ಎರಡು ಇಂಪ್ಲಾಂಟುಗಳನ್ನು ಬಡವರಿಗೆ ಉಚಿತವಾಗಿ ಒದಗಿಸತಕ್ಕದ್ದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಅವುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ವ್ಯವಸ್ಥೆಯಿರತಕ್ಕದ್ದು. ಏಕೆಂದರೆ ನೆಟ್ಟು ಮರೆತ ಗಿಡದಂತೆ ನೆಟ್ಟು ಮರೆತ ಹಲ್ಲೂ ಬಾಳದು.

ಎಲ್ಲಕ್ಕೂ ಮಿಗಿಲಾಗಿ, ಇದ್ದ ಹಲ್ಲನ್ನು ಉಳಿಸಿಕೊಳ್ಳುವುದೇ ಅಗ್ಗದ ಚಿಕಿತ್ಸೆ. 2016-17ರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ತಂಬಾಕಿನ ದಾಸರಾಗಿದ್ದರು. ಶಾಲೆಗಳಲ್ಲಿ ದಂತಪರೀಕ್ಷೆ, ಊರೂರಿನಲ್ಲಿ ತಂಬಾಕಿನ ವಿರುದ್ಧ ಪ್ರಚಾರ ಇವು ನಡೆಯದಿದ್ದರೆ ಎಷ್ಟು ಟೈಟೇನಿಯಂ ತಂದರೂ ಸಾಲದು. ಜನರ ಸೇವೆಯೆಂದರೆ ರಸ್ತೆ, ಸೇತುವೆಗಳಷ್ಟೇ ಅಲ್ಲ. ಬಾಳಿಡೀ ದುಡಿದ ಮುದುಕನು ತನ್ನ ಹೊಲದ ಜೋಳದ ರೊಟ್ಟಿಯನ್ನು ತಾನೇ ಮುರಿದು ಅಗಿದು ತಿನ್ನುವಂತೆ ಮಾಡುವುದೂ ಸ್ವರಾಜ್ಯದ ಸಾರ್ಥಕತೆಯೇ ಎಂಬುದನ್ನು ಅಧಿಕಾರದಲ್ಲಿರುವವರು ಮನಗಾಣಲೆಂದು ನಾವು ಹಾರೈಸುತ್ತೇವೆ.